ಕುಲದ ಲೆಕ್ಕ, ಉಸಿರಿನ ಲೆಕ್ಕ

ಕಾರವಾರಕ್ಕೂ ಅಂಕೋಲೆಗೂ ನಡುವೆ, ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಹಟ್ಟಿಕೇರಿ ಇದೆ. ಹೊರಗಿನವರಿಗೆ ಅದು ಟೋಲ್ ನಾಕಾದ ಹೆಸರು, ಅಷ್ಟೆ. ಉತ್ತರ ಕನ್ನಡದವರಿಗೆ ಮಾತ್ರ ಆ ರಸ್ತೆಯ ಇನ್ನೊಂದು ಗುರುತು ಚೆನ್ನಾಗಿ ಗೊತ್ತು. ದೊಡ್ಡ ಕಾಯಿಲೆ ಬಂದವರನ್ನು ಹೊತ್ತ ಆಂಬುಲೆನ್ಸ್‌ಗಳು ಇಲ್ಲಿ ಎರಡೂ ದಿಕ್ಕಿಗೆ ಓಡುತ್ತವೆ. ಬಡಗಕ್ಕೆ ಹೋದವು ಗೋವಾದ ಬಾಂಬೋಳಿಯ ಆಸ್ಪತ್ರೆಗೆ, ತೆಂಕಕ್ಕೆ ಹೋದವು ಮಣಿಪಾಲಕ್ಕೋ ಮಂಗಳೂರಿಗೋ. ಅಂಕೋಲೆಯಲ್ಲಿ ಎಡಕ್ಕೆ ತಿರುಗಿದವು ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ. ಮೂರೂ ದಾರಿ ನೂರು ಕಿಲೋಮೀಟರಿಗಿಂತ ಹೆಚ್ಚು.

ಶ್ವಾಸಕೋಶದ ಕ್ಯಾನ್ಸರ್ ಬಂದವರಲ್ಲಿ ಯಾರು ಹೆಚ್ಚು ಕಾಲ ಬದುಕುತ್ತಾರೆ, ಯಾರು ಬೇಗ ಹೋಗುತ್ತಾರೆ? ಈ ಪ್ರಶ್ನೆಗೆ ವಿಜ್ಞಾನಿಗಳು ಒಮ್ಮೆ ಜಾತಿಯಲ್ಲಿ, ಒಮ್ಮೆ ಜನಾಂಗದಲ್ಲಿ, ಈಗ ಜೀನಿನಲ್ಲಿ ಉತ್ತರ ಹುಡುಕುತ್ತ ಬಂದಿದ್ದಾರೆ. ಆ ಹುಡುಕಾಟದ ಇತಿಹಾಸ ಲಂಡನ್, ಬಾಸ್ಟನ್‌ಗಳದು ಮಾತ್ರವಲ್ಲ. ಅದರ ಕೆಲವು ಎಳೆಗಳು ಇದೇ ಕರಾವಳಿ ಮತ್ತು ಇದರ ಬೆನ್ನಿಗಿರುವ ಘಟ್ಟದ ಕಾಡಿನಲ್ಲಿ ಹಾದುಹೋಗಿವೆ.

ಇಲ್ಲಿನ ರೋಗಿಗಳ ದಾರಿ ಹಿಂದೆ ಮುಂಬೈಯ ಕಡೆಗಿತ್ತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದರು. 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಬರುವವರೆಗೂ ಕೋರ್ಟು, ಕಾಲೇಜು, ನೌಕರಿ ಎಲ್ಲಕ್ಕೂ ಕಾರವಾರದವರು ಮುಖ ಮಾಡಿದ್ದು ಮುಂಬೈಗೇ. 1941ರಲ್ಲಿ ಅಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ತೆರೆಯಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಹುಟ್ಟಿದ್ದು 1973ರಲ್ಲಿ. ನಡುವಿನ ಮೂರು ದಶಕ ಈ ಭಾಗಕ್ಕೆ ಕ್ಯಾನ್ಸರ್ ಆಸ್ಪತ್ರೆ ಎಂದರೆ ಮುಂಬೈ ಪರೇಲಿನ ಆ ಕಟ್ಟಡ.

ಆ ಕಟ್ಟಡದಲ್ಲಿ ಪ್ರಯೋಗಾಲಯದ ಹೊಣೆ ಹೊತ್ತವರು ವಸಂತ ರಾಮಜಿ ಖಾನೋಳಕರ. ಭಾರತದ ರೋಗಶಾಸ್ತ್ರಕ್ಕೆ ಬುನಾದಿ ಹಾಕಿದವರು ಎಂದು ಅವರ ಹೆಸರು ಇಂದಿಗೂ ಹೇಳುತ್ತಾರೆ. ರೋಗಿಗಳ ದಾಖಲೆ ನೋಡುತ್ತ ಹೋದಂತೆ ಅವರಿಗೆ ಒಂದು ವಿಚಿತ್ರ ಕಂಡಿತು. ಒಂದೇ ಊರಿನ ಬೇರೆ ಬೇರೆ ಸಮುದಾಯಗಳಿಗೆ ಬೇರೆ ಬೇರೆ ಅಂಗದ ಕ್ಯಾನ್ಸರ್ ಬರುತ್ತಿತ್ತು. ಪಾರ್ಸಿ ಹೆಂಗಸರಲ್ಲಿ ಸ್ತನದ ಕ್ಯಾನ್ಸರ್ ಹೆಚ್ಚು, ದಖನ್ನಿನ ಹಿಂದೂಗಳಲ್ಲಿ ಬಾಯಿಯದು ಹೆಚ್ಚು. ಒಳಗೊಳಗೇ ಮದುವೆಯಾಗುವ ಜಾತಿಗಳ ದೇಶದಲ್ಲಿ ಇದು ರಕ್ತದ ಗುಣವೇ ಇರಬೇಕು ಎಂದು ಯಾರಿಗಾದರೂ ಅನ್ನಿಸುವಂಥದ್ದು. ವಸಾಹತು ಆಡಳಿತ ಅದಕ್ಕೆ ಮೊದಲೇ ಆ ಕಣ್ಣು ಕೊಟ್ಟಿತ್ತು. 1883ರಲ್ಲಿ ಬಂದ ಕೆನರಾ ಜಿಲ್ಲೆಯ ಗೆಜೆಟಿಯರ್ ಹಾಲಕ್ಕಿ ಒಕ್ಕಲಿಗರಿಂದ ಹಿಡಿದು ಒಂದೊಂದು ಜಾತಿಯ ಮೈಬಣ್ಣ, ಮೈಕಟ್ಟು, ಊಟ, ಉಡುಗೆಗಳನ್ನು ಪಟ್ಟಿ ಮಾಡಿಟ್ಟಿತ್ತು. ಮದ್ರಾಸಿನ ಎಡ್ಗರ್ ಥರ್ಸ್ಟನ್ ಅಳತೆಯ ಸಲಕರಣೆ ಹಿಡಿದು ದಕ್ಷಿಣದ ಜನರ ಮೂಗು, ತಲೆಬುರುಡೆ ಅಳೆದದ್ದೂ ಇದೇ ಕಾಲದ ಆಸುಪಾಸಿನಲ್ಲಿ.

ಖಾನೋಳಕರರು ಊಹೆಗೆ ನಿಲ್ಲಲಿಲ್ಲ. ತಳಿವಿಜ್ಞಾನಿ ಎಲ್. ಡಿ. ಸಂಘ್ವಿಯವರ ಜೊತೆ ಸೇರಿ ಮುಂಬೈಯ ಆರು ಒಳಮದುವೆಯ ಸಮುದಾಯಗಳಲ್ಲಿ ಏಳು ಆನುವಂಶಿಕ ಗುಣಗಳನ್ನು ಅಳೆದು 1950ರ ಸುಮಾರಿಗೆ ಪ್ರಕಟಿಸಿದರು. ಸಮುದಾಯದಿಂದ ಸಮುದಾಯಕ್ಕೆ ವ್ಯತ್ಯಾಸವೇನೋ ಇತ್ತು. ಆದರೆ ಕ್ಯಾನ್ಸರಿನ ಬೆನ್ನು ಹತ್ತಿದಾಗ ಸಿಕ್ಕಿದ್ದು ಬೇರೆಯೇ. 1955ರಲ್ಲಿ ಸಂಘ್ವಿ, ರಾವ್, ಖಾನೋಳಕರ ಮೂವರೂ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಲೇಖನದಲ್ಲಿ ಹೊಗೆಸೊಪ್ಪು ಅಗಿಯುವವರಿಗೆ ಬಾಯಿಯಲ್ಲಿ, ಬೀಡಿ ಸೇದುವವರಿಗೆ ಗಂಟಲಿನತ್ತ ಗಡ್ಡೆ ಏಳುವುದು ಎದ್ದು ಕಂಡಿತು. ಜಾತಿಯ ಹಣೆಬರಹ ಎಂದು ತೋರುತ್ತಿದ್ದುದರಲ್ಲಿ ಬಹುಪಾಲು ಆ ಜಾತಿಯವರ ಸಂಚಿಯಲ್ಲಿತ್ತು. ಜಾತಿಯನ್ನು ಪಟ್ಟಿ ಮಾಡಿದ ಕಣ್ಣೇ ಕೊನೆಗೆ ಜಾತಿಯನ್ನು ದಾಟಿ ನೋಡಿದ ಈ ಕ್ಷಣ ನಮ್ಮ ವೈದ್ಯಕೀಯ ಇತಿಹಾಸದಲ್ಲಿ ಇನ್ನಷ್ಟು ನೆನಪಿನಲ್ಲಿರಬೇಕಾದದ್ದು.

ಆ ಸಂಚಿಗೆ ಹೊಗೆಸೊಪ್ಪು ಬಂದ ಬಗೆಯಲ್ಲೂ ಕನ್ನಡ ನಾಡಿನ ಪಾಲಿದೆ. ಪೋರ್ಚುಗೀಸರು ಅಮೆರಿಕದಿಂದ ತಂದ ಗಿಡ ಗೋವಾದಿಂದ ಒಳನಾಡಿಗೆ ಹಬ್ಬಿತು. ಅಕ್ಬರನ ದೂತ ಅಸದ್ ಬೇಗ್ ಅದನ್ನು ಮೊದಲು ನೋಡಿದ್ದು ಬಿಜಾಪುರದಲ್ಲಿ. ಅವನು 1604ರ ಸುಮಾರಿಗೆ ಹೊಗೆಸೊಪ್ಪನ್ನೂ ಅಲಂಕರಿಸಿದ ಹುಕ್ಕಾವನ್ನೂ ಮೊಗಲ ಆಸ್ಥಾನಕ್ಕೆ ಕೊಂಡೊಯ್ದ. ಅಕ್ಬರ ಸೇದಲು ಹೋದಾಗ ಆಸ್ಥಾನದ ವೈದ್ಯ ತಡೆದ, ಗೊತ್ತಿಲ್ಲದ ವಸ್ತು ಬೇಡ ಎಂದ. ಅದನ್ನೆಲ್ಲ ಅಸದ್ ಬೇಗನೇ ಬರೆದಿಟ್ಟಿದ್ದಾನೆ. ಕಾರವಾರದ ಕರಾವಳಿ ಆಗ ಬಿಜಾಪುರದ ಆದಿಲಶಾಹಿಗಳ ಆಳ್ವಿಕೆಯಲ್ಲೇ ಇತ್ತು. ಮುಂದೆ ನಿಪ್ಪಾಣಿಯ ಕಪ್ಪುನೆಲ ಬೀಡಿ ತಂಬಾಕಿನ ದೊಡ್ಡ ಪೇಟೆಯಾಯಿತು, ಮಂಗಳೂರಿನ ಮನೆಮನೆಯಲ್ಲಿ ಹೆಂಗಸರ ಬೆರಳು ಬೀಡಿ ಸುತ್ತಿತು. ಘಟ್ಟದ ಕೆಳಗೂ ಮೇಲೂ ಕವಳದ ತಟ್ಟೆಯಲ್ಲಿ ಎಲೆ, ಅಡಿಕೆ, ಸುಣ್ಣದ ಪಕ್ಕಕ್ಕೆ ಹೊಗೆಸೊಪ್ಪಿನ ಎಸಳು ಕೂತಿತು. ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಕವಳ. ಬೇಡ ಎನ್ನುವುದು ಕಷ್ಟ.

ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟಿದೆ ಎಂದು ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1950ರಲ್ಲಿ ಲಂಡನ್ನಿನ ಆಸ್ಪತ್ರೆಗಳ 709 ರೋಗಿಗಳನ್ನು ಅಷ್ಟೇ ಸಂಖ್ಯೆಯ ಇತರರೊಂದಿಗೆ ಹೋಲಿಸಿ ತೋರಿಸಿದರು. ಅದನ್ನು ಒಪ್ಪದೆ ಎದುರು ನಿಂತವರಲ್ಲಿ ದೊಡ್ಡ ಹೆಸರು ರೊನಾಲ್ಡ್ ಫಿಷರ್. ಸಂಖ್ಯಾಶಾಸ್ತ್ರಕ್ಕೂ ತಳಿವಿಜ್ಞಾನಕ್ಕೂ ಆತ ತಳಪಾಯ ಹಾಕಿದವ. ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಮತ್ತೆ ಮತ್ತೆ ಬಂದು ಹೋಗುತ್ತಿದ್ದವ. ಸೇದುವ ಚಪಲವನ್ನೂ ಕ್ಯಾನ್ಸರನ್ನೂ ಹುಟ್ಟಿನಿಂದ ಬಂದ ಒಂದೇ ಗುಣ ಒಟ್ಟಿಗೆ ತರುತ್ತಿರಬಹುದು, ಹೊಗೆಯ ಮೇಲೆ ತಪ್ಪು ಹೊರಿಸಬೇಡಿ ಎಂದು ಫಿಷರ್ 1957, 58ರಲ್ಲಿ ವಾದಿಸಿದ. ಆ ಹೊತ್ತಿಗೆ ತಂಬಾಕು ಕಂಪನಿಗಳ ಸಲಹೆಗಾರನೂ ಆಗಿದ್ದ. ಜೀನಿನ ಮಾತು ತನ್ನಷ್ಟಕ್ಕೆ ಸುಳ್ಳಲ್ಲ. 2008ರಲ್ಲಿ ಹದಿನೈದನೆಯ ಕ್ರೋಮೋಸೋಮಿನ ಒಂದು ಭಾಗಕ್ಕೂ ನಿಕೋಟಿನ್ ಚಟಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಸಂಬಂಧವಿರುವುದು ಪತ್ತೆಯಾಗಿದೆ. ಆದರೆ ಅದರ ಬಲ ಸಣ್ಣದು, ಹೊಗೆಯ ಬಲದ ಮುಂದೆ ನಿಲ್ಲುವಂಥದ್ದಲ್ಲ. ಫಿಷರನಂಥ ಬುದ್ಧಿವಂತನ ವಾದ ಕಂಪನಿಗಳಿಗೆ ವರ್ಷಗಟ್ಟಲೆ ನೆರಳು ಕೊಟ್ಟಿತು ಎಂಬುದು ನೋವಿನ ಸಂಗತಿ.

ಅಂಕೋಲೆಯಿಂದ ಯಲ್ಲಾಪುರದ ಹೆದ್ದಾರಿಯಲ್ಲಿ ಅರಬೈಲ್ ಘಟ್ಟ ಹತ್ತಿದರೆ ಜನಾಂಗ ಎಂಬ ಮಾತನ್ನು ಹತ್ತಿರದಿಂದ ಪರೀಕ್ಷಿಸಬಹುದಾದ ನೆಲ ಸಿಗುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಆಫ್ರಿಕದಿಂದ ಗುಲಾಮರಾಗಿ ತಂದವರ, ಗೋವಾದಿಂದ ತಪ್ಪಿಸಿಕೊಂಡು ಘಟ್ಟ ಸೇರಿದವರ ಮಕ್ಕಳು ಮೊಮ್ಮಕ್ಕಳು ಇವರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಕನ್ನಡ, ಕೊಂಕಣಿ, ಮರಾಠಿ ಬೆರೆಸಿ ಮಾತಾಡುತ್ತಾರೆ, ಡಮಾಮಿ ಬಡಿದು ಕುಣಿಯುತ್ತಾರೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಇವರ ಹುಡುಗ ಹುಡುಗಿಯರನ್ನು ಓಟಕ್ಕೆ ಆರಿಸಿ ತರಬೇತಿಗೆ ಕರೆದೊಯ್ದದ್ದರ ಹಿಂದೆಯೂ ಆಫ್ರಿಕದ ರಕ್ತ ಎಂಬ ನಂಬಿಕೆಯೇ ಇತ್ತು. ಯೋಜನೆ ಕೆಲವು ವರ್ಷದಲ್ಲಿ ನಿಂತಿತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು.

2011ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ತಂಡ ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಡಿಎನ್‌ಎ ಅಧ್ಯಯನ ಪ್ರಕಟಿಸಿತು. ಮೂಲ ಪೂರ್ವಜರು ಆಫ್ರಿಕದ ಬಂಟು ಭಾಷಿಕ ಜನ. ಜೊತೆಗೆ ಸ್ಥಳೀಯ ಭಾರತೀಯರ ಬೆರಕೆಯಿದೆ, ಬಹುಶಃ ಪೋರ್ಚುಗೀಸರದೂ ಇದೆ. ಈ ಬೆರಕೆ ನಡೆದದ್ದು ಕಳೆದ ಎಂಟು ತಲೆಮಾರಿನ, ಅಂದರೆ ಸುಮಾರು 200 ವರ್ಷದ ಒಳಗೆ. ಚರಿತ್ರೆ ಹೇಳುತ್ತಿದ್ದ ಮಾತಿಗೆ ಜೀನು ಸಾಕ್ಷಿ ನುಡಿದಂತಾಯಿತು.

ಆಫ್ರಿಕದ ರಕ್ತ ಎಂಬ ಆ ನಂಬಿಕೆಯನ್ನು ತೂಗಲು ಈಗ ಅಮೆರಿಕದ ಅಂಕಿಗಳನ್ನು ನೋಡಬೇಕು. ಅಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಂದ ಕರಿಯರು ಬಿಳಿಯರಿಗಿಂತ ಬೇಗ ಸಾಯುತ್ತಿದ್ದುದು ದಶಕಗಳ ದಾಖಲೆ. ಅವರ ಗಡ್ಡೆಯೇ ಕೆಟ್ಟ ಜಾತಿಯದೇನೋ ಎಂಬ ಗುಮಾನಿಯಿತ್ತು. 1999ರಲ್ಲಿ ಪೀಟರ್ ಬಾಕ್ ಮತ್ತು ಸಂಗಡಿಗರು 65 ದಾಟಿದ, ರೋಗ ಇನ್ನೂ ಆರಂಭದ ಹಂತದಲ್ಲಿದ್ದ 10,984 ರೋಗಿಗಳ ಕಡತ ತೆರೆದರು. ಆ ಹಂತದಲ್ಲಿ ಗಡ್ಡೆ ಇರುವ ಭಾಗವನ್ನು ಕೊಯ್ದು ತೆಗೆಯುವುದೇ ಮುಖ್ಯ ಚಿಕಿತ್ಸೆ. ಬಿಳಿಯರಲ್ಲಿ ಶೇ. 76.7 ಮಂದಿಗೆ ಶಸ್ತ್ರಚಿಕಿತ್ಸೆ ಆಗಿತ್ತು, ಕರಿಯರಲ್ಲಿ ಶೇ. 64ಕ್ಕೆ ಮಾತ್ರ. ಐದು ವರ್ಷ ಬದುಕಿದವರು ಬಿಳಿಯರಲ್ಲಿ ಶೇ. 34.1, ಕರಿಯರಲ್ಲಿ ಶೇ. 26.4. ಶಸ್ತ್ರಚಿಕಿತ್ಸೆ ಆದವರನ್ನಷ್ಟೇ ಪಕ್ಕಪಕ್ಕಕ್ಕೆ ಇಟ್ಟಾಗ ಅಂತರ ಬಹುಮಟ್ಟಿಗೆ ಕರಗಿತು. ಶಸ್ತ್ರಚಿಕಿತ್ಸೆ ಆಗದ ಇಬ್ಬರ ಗತಿಯೂ ಒಂದೇ ಆಗಿತ್ತು.

ಯಲ್ಲಾಪುರದ ಸಿದ್ದಿಯೊಬ್ಬರ ಡಿಎನ್‌ಎ ಷಿಕಾಗೋದ ಕರಿಯನೊಬ್ಬನ ಡಿಎನ್‌ಎಗೆ ಹಲವು ಕಡೆ ಹೋಲಬಹುದು. ಆದರೆ ಷಿಕಾಗೋದವನ ಬದುಕಿನ ಅವಧಿಯನ್ನು ಅಳೆದ ಅಂಕಿಯಲ್ಲಿ ಅಲ್ಲಿನ ಆಸ್ಪತ್ರೆ, ವಿಮೆ, ಬಡಾವಣೆ, ವೈದ್ಯರ ಮನಸ್ಸು ಎಲ್ಲವೂ ಸೇರಿಕೊಂಡಿವೆ. ಅದನ್ನು ತಂದು ಘಟ್ಟದ ಮೇಲಿನವರ ಮೈಗೆ ಅಂಟಿಸುವುದಕ್ಕೆ ಬರುವುದಿಲ್ಲ. ಸಿದ್ದಿಗಳ ಶ್ವಾಸಕೋಶ ಉಸಿರಾಡುವುದು ಇಲ್ಲಿಯ ಒಲೆಯ ಹೊಗೆಯನ್ನು, ಅವರ ಎಕ್ಸ್‌ರೇ ತೆಗೆಯುವುದು ಇಲ್ಲಿಯ ತಾಲೂಕು ಆಸ್ಪತ್ರೆ. ಪಕ್ಕದ ಗದ್ದೆಯ ಹಾಲಕ್ಕಿಯವರಿಗೂ ಅದೇ ಒಲೆ, ಅದೇ ಆಸ್ಪತ್ರೆ.

ಹಾಗೆಂದು ಜೀನಿನ ಕತೆ ಇಲ್ಲಿಗೆ ಮುಗಿಯಲಿಲ್ಲ. ನಿಜವಾಗಿ ರೋಚಕವಾದ ಭಾಗ ಇದರ ಮುಂದಿನದು. ಗೆಫಿಟಿನಿಬ್ ಎಂಬ ಗುಳಿಗೆಗೆ 2002ರಲ್ಲಿ ಜಪಾನ್, 2003ರಲ್ಲಿ ಅಮೆರಿಕ ಪರವಾನಗಿ ಕೊಟ್ಟವು. ಅಮೆರಿಕದಲ್ಲಿ ಹತ್ತರಲ್ಲಿ ಒಬ್ಬರಿಗೆ ಮಾತ್ರ ಗಡ್ಡೆ ಕರಗುತ್ತಿತ್ತು. ಜಪಾನಿನಲ್ಲಿ ಅದಕ್ಕಿಂತ ಹೆಚ್ಚು ಜನರಿಗೆ, ಅದರಲ್ಲೂ ಎಂದೂ ಸೇದದ ಹೆಂಗಸರಿಗೆ. 2004ರಲ್ಲಿ ಬಾಸ್ಟನ್ನಿನ ಎರಡು ತಂಡಗಳು ಕೆಲವೇ ವಾರಗಳ ಅಂತರದಲ್ಲಿ ಕಾರಣ ಹೇಳಿದವು. ಜೀವಕೋಶದ ಮೇಲ್ಮೈಯಲ್ಲಿ ಇಜಿಎಫ್‌ಆರ್ ಎಂಬ ಪ್ರೋಟೀನ್ ಇದೆ, ಹೊರಗಿನಿಂದ ಸೂಚನೆ ಬಂದಾಗಷ್ಟೇ ಕೋಶಕ್ಕೆ ಬೆಳೆ ಎನ್ನುತ್ತದೆ. ಅದರ ಜೀನಿನಲ್ಲಿ ಒಂದು ನಿರ್ದಿಷ್ಟ ಬದಲಾವಣೆ ಆದರೆ ಗುಂಡಿ ಸಿಕ್ಕಿಕೊಂಡ ಬಾಗಿಲ ಗಂಟೆಯಂತೆ ಬಿಡದೆ ಬಾರಿಸುತ್ತದೆ, ಕೋಶ ಬೆಳೆಯುತ್ತಲೇ ಹೋಗುತ್ತದೆ. ಗೆಫಿಟಿನಿಬ್ ಆ ಸದ್ದನ್ನೇ ನಿಲ್ಲಿಸುತ್ತದೆ. ಒಂದು ತಂಡ ಜಪಾನಿನ 58 ಗಡ್ಡೆಗಳನ್ನು ನೋಡಿತು, 15ರಲ್ಲಿ ಬದಲಾವಣೆ ಇತ್ತು. ಅಮೆರಿಕದ 61ರಲ್ಲಿ ಒಂದರಲ್ಲಿ ಮಾತ್ರ.

ಇಲ್ಲಿ ಒಂದು ವಿಷಯ ಗಟ್ಟಿ ಮಾಡಿಕೊಳ್ಳಬೇಕು. ಇದು ಅಪ್ಪ ಅಮ್ಮನಿಂದ ಬಂದ ಜೀನಲ್ಲ. ರೋಗಿಯ ರಕ್ತಕೋಶಗಳಲ್ಲಿ, ಚರ್ಮದಲ್ಲಿ, ಮಕ್ಕಳಲ್ಲಿ ಈ ಬದಲಾವಣೆ ಇರುವುದಿಲ್ಲ. ಶ್ವಾಸಕೋಶದ ಒಂದು ಕೋಶದಲ್ಲಿ ಬದುಕಿನ ನಡುವೆ ಎಂದೋ ಹುಟ್ಟಿ ಗಡ್ಡೆಯೊಳಗೆ ಮಾತ್ರ ಉಳಿಯುತ್ತದೆ. ಇಂಥ ಬದಲಾವಣೆ ಪೂರ್ವ ಏಷ್ಯದವರಲ್ಲಿ ಯಾಕೆ ಹೆಚ್ಚು ಎಂಬುದರಲ್ಲಿ ವಂಶದ ಪಾತ್ರವಿದೆ. ಮೆಕ್ಸಿಕೋ, ಕೊಲಂಬಿಯಾದಲ್ಲೂ ಮೂಲನಿವಾಸಿ ವಂಶಾಂಶ ಹೆಚ್ಚಿದ್ದವರ ಗಡ್ಡೆಯಲ್ಲಿ ಇದು ಹೆಚ್ಚು ಕಂಡಿದೆ. ಆದರೆ ಮದ್ದು ಯಾರಿಗೆ ಕೊಡಬೇಕು ಎಂಬುದನ್ನು ವಂಶ ಹೇಳುವುದಿಲ್ಲ. 2009ರಲ್ಲಿ ಪ್ರಕಟವಾದ ಐಪಾಸ್ ಪ್ರಯೋಗ ಅದನ್ನು ಸಂಶಯಕ್ಕೆಡೆಯಿಲ್ಲದಂತೆ ತೋರಿಸಿತು. ಪೂರ್ವ ಏಷ್ಯದ 1,217 ರೋಗಿಗಳು, ಸೇದದವರು ಅಥವಾ ಅಪರೂಪಕ್ಕೆ ಸೇದಿ ಬಿಟ್ಟವರು. ಎಲ್ಲರೂ ಸರಿಯಾದ ಜನಾಂಗದವರೇ ಎನ್ನಬಹುದು. ಅವರಲ್ಲೂ ಬದಲಾವಣೆ ಇದ್ದವರಿಗೆ ಗೆಫಿಟಿನಿಬ್ ಕೀಮೋಗಿಂತ ಮೇಲಾಯಿತು, ಇಲ್ಲದವರಿಗೆ ಕೀಮೋಗಿಂತ ಬಹಳ ಕೆಟ್ಟದಾಯಿತು. ಮುಖ ನೋಡಿ ಗುಳಿಗೆ ಕೊಟ್ಟಿದ್ದರೆ ಬದಲಾವಣೆ ಇಲ್ಲದವರಿಗೆ ಹಾನಿಯೇ ಆಗುತ್ತಿತ್ತು.

ಭಾರತದವರು ಎಲ್ಲಿ ನಿಲ್ಲುತ್ತಾರೆ? ಟಾಟಾ ಮೆಮೋರಿಯಲ್‌ನವರೇ 2013ರಲ್ಲಿ 907 ಭಾರತೀಯ ರೋಗಿಗಳ ಅಡಿನೋಕಾರ್ಸಿನೋಮ ಎಂಬ ಬಗೆಯ ಶ್ವಾಸಕೋಶದ ಗಡ್ಡೆಗಳ ಲೆಕ್ಕ ಕೊಟ್ಟರು. ಬದಲಾವಣೆ ಇದ್ದದ್ದು ಶೇ. 23ರಲ್ಲಿ. ಯುರೋಪಿನವರಿಗಿಂತ ಹೆಚ್ಚು, ಚೀನಾ, ವಿಯೆಟ್ನಾಮಿನವರಿಗಿಂತ ಕಡಿಮೆ. ಏಷ್ಯದವರು ಎಂಬ ಒಂದೇ ಖಾನೆಯಲ್ಲಿ ಹನೋಯ್‌ನವರನ್ನೂ ಹಟ್ಟಿಕೇರಿಯವರನ್ನೂ ಕೂರಿಸಿದ ಪಟ್ಟಿ ನಮ್ಮ ಪಾಲಿಗೆ ಎಷ್ಟು ಒರಟು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಸೇದದ ಹೆಂಗಸರ ಮಾತು ಬಂದಾಗ ಕರಾವಳಿಯ ಹಳೆಯ ಅಡುಗೆಮನೆಗೆ ಹೋಗಲೇಬೇಕು. ಆಷಾಢದ ಮಳೆಯಲ್ಲಿ ಕಟ್ಟಿಗೆ ಹಸಿ. ಊದುಗೊಳವೆಗೆ ಬಾಯಿಟ್ಟು ಊದಿದಷ್ಟೂ ಉರಿಗಿಂತ ಹೊಗೆಯೇ ಜಾಸ್ತಿ. ಹೊಗೆ ಮೇಲೆದ್ದು ಅಟ್ಟದಲ್ಲಿಟ್ಟ ಒಣಮೀನಿಗೆ, ಬುಟ್ಟಿಗೆ, ಹಂಚಿನ ಕೆಳಗಿನ ಪಕಾಸಿಗೆ ಮಸಿ ಬಳಿಯುತ್ತದೆ. ಗಂಜಿ ಬೇಯುವವರೆಗೂ ಒಲೆಯ ಮುಂದೆ ಕೂತವಳು ಅದನ್ನೇ ಉಸಿರಾಡುತ್ತಾಳೆ, ಸೊಂಟದಲ್ಲಿ ಮಗುವಿದ್ದರೆ ಅದೂ ಉಸಿರಾಡುತ್ತದೆ. ಚೀನಾದ ಯುನ್ನಾನ್ ಪ್ರಾಂತದ ಶ್ವಾನ್‌ವೇಯಲ್ಲಿ ಸೇದದ ಹೆಂಗಸರು ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುತ್ತಿದ್ದುದಕ್ಕೆ ಮನೆಯೊಳಗೆ ಉರಿಸುವ ಹೊಗೆಗಲ್ಲಿದ್ದಲು ಕಾರಣ ಎಂದು 1987ರಲ್ಲಿ ಸಂಶೋಧಕರು ಬರೆದರು. ಮುಂದೆ ಒಲೆಗೆ ಚಿಮಣಿ ಹಾಕಿಸಿದ ಮನೆಗಳಲ್ಲಿ ರೋಗ ಇಳಿಯಿತು. ಅದೇ ಜನ, ಅದೇ ವಂಶ, ಹೊಗೆ ಹೋಗಲು ಒಂದು ದಾರಿ. ಕಟ್ಟಿಗೆಯ ಹೊಗೆ ಕಲ್ಲಿದ್ದಲಿನಷ್ಟು ಖಚಿತ ಅಪರಾಧಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್ ತರುವ ಸಂಭವ ಹೆಚ್ಚಿರುವ ವಸ್ತುಗಳ ಸಾಲಿನಲ್ಲಿ ಇಟ್ಟಿದೆ. ಕೆಮ್ಮು, ದಮ್ಮು ತರುವುದರಲ್ಲಿ ಮಾತ್ರ ಯಾರಿಗೂ ಅನುಮಾನವಿಲ್ಲ. 2016ರ ಉಜ್ವಲಾ ಯೋಜನೆಯ ಗ್ಯಾಸ್ ಸಿಲಿಂಡರ್ ಎಷ್ಟೋ ಮನೆಗೆ ಬಂದ ಮೇಲೂ ಸ್ನಾನದ ಹಂಡೆಯ ಬುಡಕ್ಕೆ ಕಟ್ಟಿಗೆಯೇ.

ಬದುಕುಳಿಯುವ ಲೆಕ್ಕದಲ್ಲಿ ಭಾರತ ಎಷ್ಟು ಹಿಂದೆ ಎಂಬುದನ್ನು 2018ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ ಜಾಗತಿಕ ಸಮೀಕ್ಷೆ ಹೇಳಿತು. ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಗಿ ಐದು ವರ್ಷ ಬದುಕಿದವರು ಜಪಾನಿನಲ್ಲಿ ಶೇ. 33ರ ಹತ್ತಿರ. ಭಾರತದಿಂದ ಸೇರಿದ್ದ ದಾಖಲೆಗಳಲ್ಲಿ ಶೇ. 4ರ ಆಸುಪಾಸು. ಇಷ್ಟು ಅಂತರವನ್ನು ಯಾವ ಜೀನೂ ವಿವರಿಸಲಾರದು. ದೊಡ್ಡ ಕಾರಣ ತಡ. ಮೂರು ವಾರ ಕೆಮ್ಮು, ತೂಕ ಇಳಿತ, ಕಫದಲ್ಲಿ ರಕ್ತ ಎಂದಾಗ ನಮ್ಮಲ್ಲಿ ಮೊದಲು ನೆನಪಾಗುವುದು ಕ್ಷಯ. ಕ್ಷಯ ಅಷ್ಟು ಸಾಮಾನ್ಯವಾಗಿರುವ ದೇಶದಲ್ಲಿ ಅದು ಸಹಜ ಕೂಡ. ಎಕ್ಸ್‌ರೇಯಲ್ಲಿ ಎರಡರ ಕಲೆಯೂ ಎಷ್ಟೋ ಸಲ ಒಂದೇ ಥರ ಕಾಣುತ್ತದೆ. ಕಫದಲ್ಲಿ ರೋಗಾಣು ಸಿಗದಿದ್ದರೂ ಗುಳಿಗೆ ಶುರುವಾಗುತ್ತದೆ, ತಿಂಗಳುಗಳು ಕಳೆಯುತ್ತವೆ, ಅಷ್ಟರಲ್ಲಿ ಗಡ್ಡೆ ಮೂಳೆಗೋ ಮೆದುಳಿಗೋ ಹೋಗಿರುತ್ತದೆ.

ಮದ್ದಿನ ಬೆಲೆಯ ಜಗಳವೂ ಈ ಚರಿತ್ರೆಯ ಭಾಗವೇ. ಗೆಫಿಟಿನಿಬ್‌ನ ತಮ್ಮನಂಥ ಎರ್ಲೋಟಿನಿಬ್ ಗುಳಿಗೆಯನ್ನು ರೋಶ್ ಕಂಪನಿ ಭಾರತದಲ್ಲಿ ಒಂದಕ್ಕೆ 4,800 ರೂಪಾಯಿಗೆ ಮಾರುತ್ತಿತ್ತು. 2008ರ ಆರಂಭದಲ್ಲಿ ಸಿಪ್ಲಾ ಅದನ್ನೇ 1,600ಕ್ಕೆ ತಂದಿತು. ರೋಶ್ ದೆಹಲಿ ಹೈಕೋರ್ಟಿಗೆ ಹೋಯಿತು. ಮಾರ್ಚ್ 2008ರಲ್ಲಿ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಮಧ್ಯಂತರ ತಡೆ ಕೊಡಲು ಒಪ್ಪಲಿಲ್ಲ. ಜೀವ ಉಳಿಸುವ ಮದ್ದು ಜನರ ಕೈಗೆ ಸಿಗುವುದೂ ತೂಗಬೇಕಾದ ವಿಷಯ ಎಂಬುದು ಆ ಆದೇಶದ ತಿರುಳು. ಮುಂದೆ 2015ರಲ್ಲಿ ಪೇಟೆಂಟಿನ ಪ್ರಶ್ನೆಯಲ್ಲಿ ತೀರ್ಪು ರೋಶ್ ಕಡೆಗಾಯಿತು, ಆದರೆ ಮರುವರ್ಷ ಪೇಟೆಂಟಿನ ಅವಧಿಯೇ ಮುಗಿಯಿತು. ನಡುವಿನ ಏಳು ವರ್ಷ ಅಗ್ಗದ ಗುಳಿಗೆ ಅಂಗಡಿಯಲ್ಲಿತ್ತು.

ಗುಳಿಗೆ ಇದ್ದರೂ ಪರೀಕ್ಷೆ ಆಗಬೇಕಲ್ಲ. ಬಯಾಪ್ಸಿಯಲ್ಲಿ ತೆಗೆದ ದಾರದೆಳೆಯಷ್ಟು ಮಾಂಸವನ್ನು ಮೇಣದಲ್ಲಿ ಕೂರಿಸುತ್ತಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಆ ತುಂಡಿಗೆ ಆಸ್ಪತ್ರೆಯಲ್ಲಿ ಬ್ಲಾಕ್ ಎನ್ನುತ್ತಾರೆ. ರೋಗಿಯ ಮಗನೋ ಅಳಿಯನೋ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ವರದಿಯ ಫೈಲಿನ ಜೊತೆ ಎದೆಗವಚಿಕೊಂಡು ಬಸ್ಸು ಹತ್ತುತ್ತಾನೆ. ಮಾಂಸ ಸಾಲದು ಎಂದು ಲ್ಯಾಬಿನವರು ಹೇಳಿದರೆ ಮತ್ತೊಮ್ಮೆ ಸೂಜಿ, ಮತ್ತೊಮ್ಮೆ ಪ್ರಯಾಣ.

2016ರಲ್ಲಿ ಕಾರವಾರಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ದೊಡ್ಡ ಕಾಯಿಲೆಗೆ ಜಿಲ್ಲೆ ಬಿಡುವುದು ತಪ್ಪಲಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಸತ್ತಾಗ ಜಿಲ್ಲೆಯ ಸಿಟ್ಟು ಬೀದಿಗೆ ಬಂತು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ, ಇಲ್ಲದಿದ್ದರೆ ಮತವಿಲ್ಲ ಎಂದು ಕರಾವಳಿಯವರೂ ಘಟ್ಟದವರೂ ಒಂದೇ ದನಿಯಲ್ಲಿ ಕೂಗಿದರು. ಆ ಕೂಗಿಗೆ ಜಾತಿಯ ಗೆರೆ ಇರಲಿಲ್ಲ.

ಜೀನಿನ ವಿಜ್ಞಾನ ದೊಡ್ಡ ಊರಿನ ಸೊತ್ತು, ಹಳ್ಳಿಗೆ ಅದರ ಉಪಯೋಗವಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬಾರದು. ಲೆಕ್ಕ ಅದಕ್ಕೆ ತದ್ವಿರುದ್ಧವಾಗಿದೆ. ಕೀಮೋ ತೆಗೆದುಕೊಳ್ಳುವವರು ಮೂರು ವಾರಕ್ಕೊಮ್ಮೆ ನೂರಾರು ಕಿಲೋಮೀಟರ್ ಹೋಗಬೇಕು, ಡ್ರಿಪ್ ಹಾಕಿಸಿಕೊಂಡು ವಾಂತಿ ಮಾಡಿಕೊಳ್ಳುತ್ತ ಬರಬೇಕು. ಗಡ್ಡೆಯಲ್ಲಿ ಇಜಿಎಫ್‌ಆರ್ ಬದಲಾವಣೆ ಇದೆ ಎಂದು ವರದಿ ಬಂದವರಿಗೆ ದಿನಕ್ಕೊಂದು ಗುಳಿಗೆ, ಮನೆಯಲ್ಲೇ. ಮೈಮೇಲೆ ಗುಳ್ಳೆ ಏಳುತ್ತದೆ, ಕೆಲವರಿಗೆ ಭೇದಿಯಾಗುತ್ತದೆ. ಹೆಚ್ಚಿನವರಲ್ಲಿ ಅದನ್ನು ತಾಲೂಕು ಆಸ್ಪತ್ರೆಯ ವೈದ್ಯರೇ ನಿಭಾಯಿಸಬಹುದು. ರೋಗ ಪೂರ್ತಿ ವಾಸಿಯಾಗುವುದಿಲ್ಲ, ಆದರೆ ಎಷ್ಟೋ ಜನ ವರ್ಷಕ್ಕೂ ಹೆಚ್ಚು ಕಾಲ ಎದ್ದು ಓಡಾಡಿಕೊಂಡಿರುತ್ತಾರೆ, ಗದ್ದೆಗೆ, ಮೀನುಪೇಟೆಗೆ ಹೋಗಿಬರುತ್ತಾರೆ. ಅದಕ್ಕೆ ಬೇಕಾದದ್ದು ಕಾರವಾರದಲ್ಲಿ ಸಮಯಕ್ಕೆ ಆಗುವ ಒಂದು ಸಿ.ಟಿ. ಸ್ಕ್ಯಾನ್, ಸಾಕಷ್ಟು ಮಾಂಸ ಸಿಗುವಂಥ ಒಂದು ಬಯಾಪ್ಸಿ, ಮತ್ತು ಬ್ಲಾಕನ್ನು ರೋಗಿಯ ಮನೆಯವರ ಕೈಗೆ ಕೊಡದೆ ನೇರವಾಗಿ ಲ್ಯಾಬಿಗೆ ಕಳಿಸುವ ಏರ್ಪಾಡು.